ನ್ಯಾಮತಿ ಠಾಣೆಗೆ ಇನ್ನೂ ಬಾರದ ಪತ್ತೇದಾರ

2024ರ ಅಕ್ಟೋಬರ್ 28, ಸೋಮವಾರ. ನಾಲ್ಕನೇ ಶನಿವಾರ ಮತ್ತು ಭಾನುವಾರದ ರಜೆ ಮುಗಿಸಿಕೊಂಡು ಬಂದ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಸಿಬ್ಬಂದಿಗೆ ಕಂಡದ್ದು ಕಿತ್ತ ಕಿಟಕಿ ಸರಳು, ಗ್ಯಾಸ್ ಕಟರ್‌ನಿಂದ ಕೊರೆದ ಲಾಕರ್. ಹೋದದ್ದು ಸುಮಾರು 17.7 ಕಿಲೋ ಚಿನ್ನ, ಅಂದಿನ ಲೆಕ್ಕದಲ್ಲಿ 13 ಕೋಟಿ ರೂಪಾಯಿ ಆಸುಪಾಸು. ಸಾಲಕ್ಕೆಂದು ಜನ ಅಡವಿಟ್ಟಿದ್ದ ಸರ, ಬಳೆ, ಓಲೆಗಳೆಲ್ಲ ಒಂದೇ ಗಂಟಿನಲ್ಲಿ ಹೋಗಿದ್ದವು. ಕಳ್ಳರು ಸಿಸಿಟಿವಿಯ ಡಿವಿಆರ್ ಹೊತ್ತೊಯ್ದಿದ್ದರು. ಹೋಗುವಾಗ ದಾರಿಯುದ್ದಕ್ಕೂ ಖಾರದ ಪುಡಿ ಎರಚಿದ್ದರು.

ಖಾರದ ಪುಡಿಗೆ ಕಾರಣವಿತ್ತು. ನ್ಯಾಮತಿ ಸೇರಿದ ದಾವಣಗೆರೆ ಜಿಲ್ಲೆಯ ಪೊಲೀಸ್ ನಾಯಿಗಳಿಗೆ ಇಲ್ಲಿ ಸಿನಿಮಾ ನಟರಷ್ಟು ಹೆಸರು. 2020ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಕೊಲೆ ಪ್ರಕರಣವೊಂದರಲ್ಲಿ ‘ತುಂಗಾ’ ಎಂಬ ಡಾಬರ್‌ಮನ್ ಸ್ಥಳದಿಂದ ಸುಮಾರು 12 ಕಿಲೋಮೀಟರ್ ಓಡಿ ಆರೋಪಿಯ ಜಾಡು ಹಿಡಿದಿತ್ತು. ಅದರ ಹೆಸರನ್ನೇ ಹೊತ್ತ ಎರಡನೆಯ ತುಂಗಾ 2024ರಲ್ಲಿ ಮಳೆಯಲ್ಲೇ ಎಂಟು ಕಿಲೋಮೀಟರ್ ಓಡಿ ಅದೇ ತಾಲ್ಲೂಕಿನ ಇನ್ನೊಂದು ಕೊಲೆಯ ಆರೋಪಿಯನ್ನು ಹಿಡಿಸಿಕೊಟ್ಟಿತು. ಈ ಸುದ್ದಿ ಓದಿದವರಿಗೆ ಖಾರದ ಪುಡಿ ಯಾಕೆ ಬೇಕೆಂದು ಹೇಳಿಕೊಡಬೇಕಿಲ್ಲ.

ಐದು ತಿಂಗಳು ಪ್ರಕರಣ ಬಯಲಾಗಲಿಲ್ಲ. 2025ರ ಮಾರ್ಚ್ ಕೊನೆಗೆ ಆರು ಮಂದಿಯ ಬಂಧನ ಪ್ರಕಟವಾದಾಗ ಊರಿಗೆ ಊರೇ ಬೆಚ್ಚಿಬಿತ್ತು. ಮುಖ್ಯ ಆರೋಪಿ ಹೊರಗಿನಿಂದ ಬಂದ ದರೋಡೆಕೋರನಲ್ಲ. ತಮಿಳುನಾಡಿನ ಮಧುರೆ ಕಡೆಯ ಮೂಲದವನಾದರೂ ನ್ಯಾಮತಿಯಲ್ಲೇ ಸಿಹಿತಿಂಡಿ ಅಂಗಡಿ ಇಟ್ಟುಕೊಂಡಿದ್ದವನು. ಅದೇ ಬ್ಯಾಂಕಿನಲ್ಲಿ ಸಾಲ ಕೇಳಿ ಸಿಗದೆ ಹೋದದ್ದು ಕಾರಣ, ‘ಮನಿ ಹೈಸ್ಟ್’ ಸರಣಿ ಪ್ರೇರಣೆ ಎಂದರು ಪೊಲೀಸರು. ಚಿನ್ನದ ಬಹುಪಾಲು ಮಧುರೆ ಜಿಲ್ಲೆಯ ಉಸಿಲಂಪಟ್ಟಿ ಬಳಿಯ 30 ಅಡಿ ಆಳದ ಬಾವಿಯೊಳಗಿತ್ತು. ದಿನಾ ಮೈಸೂರ್‌ಪಾಕ್ ಕಟ್ಟಿಕೊಟ್ಟವನ ಕೈಗೆ ಗಿರಾಕಿಗಳ ಒಡವೆಯೇ ಗುರಿ!

ಇದನ್ನು ಯಾರಾದರೂ ಕಾದಂಬರಿ ಮಾಡಿದ್ದರೆ ‘ಅತಿಯಾಯಿತು’ ಎನ್ನುತ್ತಿದ್ದೆವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂಥ ತಾಲ್ಲೂಕು ಪಟ್ಟಣಗಳಲ್ಲಿ ಅಪರಾಧಕ್ಕೆ ಕೊರತೆಯಿಲ್ಲ, ರಹಸ್ಯಕ್ಕೂ ಇಲ್ಲ. ಕೊರತೆ ಇರುವುದು ಪತ್ತೇದಾರರ ಬಗೆಯಲ್ಲಿ. ಕನ್ನಡದ ಓದುಗ ಇನ್ನೂ ಭೇಟಿಯಾಗದ ಪತ್ತೇದಾರನೊಬ್ಬನಿದ್ದಾನೆ: ಖಾಕಿ ತೊಟ್ಟವನು, ತಾನು ಗೇ ಎಂಬುದನ್ನು ಮುಚ್ಚಿಡದವನು, ಆದರೂ ಕಥೆಯಲ್ಲಿ ಅವನ ಕೆಲಸ ಕಳ್ಳನನ್ನು ಹಿಡಿಯುವುದೇ. ಹೊರಗಿನ ಸಾಹಿತ್ಯದಲ್ಲಿ ಅವನಿಗೆ ಅರ್ಧ ಶತಮಾನ ದಾಟಿದೆ.

ನಮ್ಮ ಪತ್ತೇದಾರರ ವಂಶಾವಳಿಯನ್ನು ಮೊದಲು ನೋಡೋಣ. ಎನ್. ನರಸಿಂಹಯ್ಯ ಓದಿದ್ದು ನಾಲ್ಕನೇ ತರಗತಿ. ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. 1952ರಲ್ಲಿ ‘ಪತ್ತೇದಾರ ಪುರುಷೋತ್ತಮನ ಸಾಹಸ’ದಿಂದ ಶುರುವಾದ ಅವರ ಓಟದಲ್ಲಿ ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಒಬ್ಬರ ಹಿಂದೊಬ್ಬರು ಬಂದರು. ಕನ್ನಡ ಬಾವುಟದ ಜೊತೆ ಹೆಸರು ಬೆಸೆದುಕೊಂಡ ಮ. ರಾಮಮೂರ್ತಿ ಕೂಡ ಪತ್ತೇದಾರಿ ಬರೆದವರೇ. ಬಸ್‌ ಸ್ಟ್ಯಾಂಡಿನ ಪುಸ್ತಕದಂಗಡಿ, ದಿನಕ್ಕಿಷ್ಟು ಪೈಸೆ ಬಾಡಿಗೆಯ ಸರ್ಕ್ಯುಲೇಟಿಂಗ್ ಲೈಬ್ರರಿ, ಕೊನೆಯ ಪುಟ ಹರಿದುಹೋದ ಪ್ರತಿ. ಕೊಲೆಗಾರ ಯಾರೆಂದು ತಿಳಿಯದೆ ಒದ್ದಾಡಿದ ಓದುಗರ ಒಂದು ತಲೆಮಾರೇ ಇದೆ. ಆ ಹುಚ್ಚಿಗೆ ಪ್ರೀತಿಯ ಕಾಣಿಕೆಯಂತೆ 2019ರಲ್ಲಿ ಜಯತೀರ್ಥ ನಿರ್ದೇಶನದ ‘ಬೆಲ್ ಬಾಟಂ’ ಬಂತು. ರಿಷಬ್ ಶೆಟ್ಟಿಯ ಡಿಟೆಕ್ಟಿವ್ ದಿವಾಕರ ಇಂಥ ಪುಸ್ತಕಗಳನ್ನು ಓದಿಯೇ ಪತ್ತೇದಾರನಾದವನು.

ಪೂರ್ಣಚಂದ್ರ ತೇಜಸ್ವಿ ಈ ಸಾಲಿನಲ್ಲಿ ಸೇರುವುದಿಲ್ಲ, ಆದರೆ ಅವರನ್ನು ಬಿಟ್ಟು ಮುಂದೆ ಹೋಗಲೂ ಆಗದು. ‘ಚಿದಂಬರ ರಹಸ್ಯ’ದಲ್ಲಿ ತನಿಖೆಗೆಂದು ಬರುವ ಅಂಗಡಿ ಎಂಬವನು ಏಲಕ್ಕಿ ವಿಜ್ಞಾನಿಯೊಬ್ಬನ ಸಾವಿನ ಬೆನ್ನುಹತ್ತುತ್ತ ಹೋದಂತೆ ಕೆಸರೂರಿನ ಜಾತಿ, ರಾಜಕಾರಣ, ಮೂಢನಂಬಿಕೆ, ಹುಡುಗರ ಪ್ರೇಮ ಎಲ್ಲವೂ ಬಯಲಿಗೆ ಬರುತ್ತವೆ. ಊರನ್ನು ಓದುವುದಕ್ಕೆ ಕೊಲೆ ಒಂದು ನೆಪ ಎಂಬುದನ್ನು ಕನ್ನಡಕ್ಕೆ ಅಷ್ಟು ಚೆನ್ನಾಗಿ ತೋರಿಸಿದ ಪುಸ್ತಕ ಮತ್ತೊಂದಿಲ್ಲವೆಂದೇ ನನ್ನ ಎಣಿಕೆ.

ಪತ್ತೇದಾರಿ ಕಥೆಯ ನಾಯಕರನ್ನು ಒಂದು ಸಾಲಿನಲ್ಲಿ ನಿಲ್ಲಿಸಿ ನೋಡಿ. ಷರ್ಲಾಕ್ ಹೋಮ್ಸ್‌ಗೆ ಮದುವೆಯಿಲ್ಲ. ಪೊಯಿರೋಗೂ ಇಲ್ಲ. ಸತ್ಯಜಿತ್ ರಾಯ್ ಅವರ ಫೆಲೂದಾನಿಗೂ ಇಲ್ಲ. ‘ಯಾಕಪ್ಪಾ ಇನ್ನೂ ಮದುವೆಯಾಗಿಲ್ಲ?’ ಎಂದು ಅವರನ್ನು ಯಾರೂ ಕೇಳಲಿಲ್ಲ. ಬುದ್ಧಿಯೇ ಬಾಳಾಗಿರುವವನಿಗೆ ಸಂಸಾರ ಯಾಕೆಂದು ಓದುಗರು ಒಪ್ಪಿಕೊಂಡರು. ಹೊನ್ನಾಳಿಯ ಸಬ್ ಇನ್‌ಸ್ಪೆಕ್ಟರಿಗೆ ಆ ರಿಯಾಯಿತಿ ಇಲ್ಲ. ಚಾರ್ಜ್ ತೆಗೆದುಕೊಂಡ ವಾರದೊಳಗೆ ಠಾಣೆಯ ರೈಟರ್ ಕಡತ ಮುಂದಿಡುತ್ತಲೇ ಕೇಳಿಯಾನು: ‘ಮನ್ಯಾಗೆ ಹೆಣ್ಣು ನೋಡ್ತಿದಾರೇನ್ ಸಾರ್? ನಮ್ ಕಡೆ ಒಂದು ಐತೆ, ಬಿ.ಎಡ್ ಮಾಡೈತೆ.’ ಅದರಲ್ಲಿ ಕೆಟ್ಟ ಉದ್ದೇಶವಿಲ್ಲ. ಅದೇ ಕಷ್ಟ.

ಅಮೆರಿಕದ ಜಾರ್ಜ್ ಬ್ಯಾಕ್ಸ್ಟ್ 1966ರಲ್ಲಿ ‘ಎ ಕ್ವಿಯರ್ ಕೈಂಡ್ ಆಫ್ ಡೆತ್’ ಬರೆದಾಗ ಅದರ ಪತ್ತೇದಾರ ಫ್ಯಾರೋ ಲವ್ ನ್ಯೂಯಾರ್ಕ್ ಪೊಲೀಸ್ ಇಲಾಖೆಯವನು, ಕಪ್ಪು ಜನಾಂಗದವನು, ಗೇ. ಇಂಥ ಪೊಲೀಸ್ ಪತ್ತೇದಾರರಲ್ಲಿ ಮೊದಲಿಗನೆಂದು ಅವನನ್ನೇ ಹೆಸರಿಸುತ್ತಾರೆ. ನಾಲ್ಕು ವರ್ಷಗಳ ಬಳಿಕ, 1970ರಲ್ಲಿ, ಜೋಸೆಫ್ ಹ್ಯಾನ್ಸೆನ್ ‘ಫೇಡ್‌ಔಟ್’ ತಂದರು. ಅದರ ಡೇವ್ ಬ್ರಾಂಡ್‌ಸ್ಟೆಟರ್ ಪೊಲೀಸ್ ಅಲ್ಲ. ವಿಮಾ ಕಂಪನಿಯ ತನಿಖಾಧಿಕಾರಿ. ಸತ್ತವರ ವಿಮೆ ಹಣ ಕೊಡುವ ಮೊದಲು ಸಾವು ಹೇಗಾಯಿತೆಂದು ನೋಡುವುದು ಅವನ ಹೊಟ್ಟೆಪಾಡು. ಈ ಆಯ್ಕೆಯಲ್ಲಿ ಕಾಲದ ಗುರುತಿದೆ. ಮಫ್ತಿ ಪೊಲೀಸರು ಬಾರುಗಳಲ್ಲಿ ಬಲೆ ಹಾಕಿ ಗೇ ಗಂಡಸರನ್ನು ಹಿಡಿಯುತ್ತಿದ್ದ ಲಾಸ್ ಏಂಜಲೀಸ್‌ನಲ್ಲಿ ಗುಟ್ಟಿಲ್ಲದ ಗೇ ಪೊಲೀಸನನ್ನು ನಂಬುವಂತೆ ಚಿತ್ರಿಸುವುದು ಸುಲಭವಿರಲಿಲ್ಲ. ಫೇಡ್‌ಔಟ್ ಶುರುವಾಗುವಾಗ ಡೇವ್‌ನ ಜೊತೆಗಾರ ಕ್ಯಾನ್ಸರಿನಿಂದ ತೀರಿಕೊಂಡು ಹೆಚ್ಚು ದಿನವಾಗಿಲ್ಲ. ಅವನ ಮನಸ್ಸು ಒಡೆದಿದೆ, ಆದರೂ ಕೆಲಸಕ್ಕೆ ಹೋಗುತ್ತಾನೆ. ಅವನು ಗೇ ಎಂಬುದು ಕಥೆಯ ತಿರುವಲ್ಲ, ಅವನ ಮನೆಯ ಸಂಗತಿ. ಹೀಗೆ 1991ರವರೆಗೆ ಹನ್ನೆರಡು ಕಾದಂಬರಿಗಳು ಬಂದವು.

ಇಂಗ್ಲೆಂಡಿನ ರೆಜಿನಾಲ್ಡ್ ಹಿಲ್ ನನಗೆ ಇನ್ನೂ ಹತ್ತಿರ, ಏಕೆಂದರೆ ಅವರದು ಯಾರ್ಕ್‌ಷೈರಿನ ಒರಟು ಠಾಣೆ, ನಮ್ಮ ಠಾಣೆಗಳ ಹಾಗೆ ಗದರು, ಬೈಗುಳ, ತಮಾಷೆ ಎಲ್ಲ ಇರುವಂಥದ್ದು. ಅಲ್ಲಿನ ಸಾರ್ಜೆಂಟ್ ವೀಲ್ಡ್‌ನದು ಒಡೆದ ಬಂಡೆಯಂಥ ಮುಖ. ಒಳಗಿನದು ಯಾರಿಗೂ ಕಾಣದು. 1987ರ ‘ಚೈಲ್ಡ್ಸ್ ಪ್ಲೇ’ ಕಾದಂಬರಿಯಲ್ಲಿ ತಾನು ಗೇ ಎಂಬ ಗುಟ್ಟನ್ನು ಮೇಲಧಿಕಾರಿ ಡಿಯೆಲ್‌ಗೆ ಹೇಳಬೇಕಾಗಿ ಬಂದಾಗ ಆ ದಢೂತಿ ಸಾಹೇಬರಿಗೆ ಮೊದಲಿನಿಂದಲೂ ಗೊತ್ತಿತ್ತೆಂದು ತಿಳಿಯುತ್ತದೆ. ಮುಂದೆ ವೀಲ್ಡ್ ಸಣ್ಣ ಹಳ್ಳಿಯೊಂದರ ಹಳೆ ಪುಸ್ತಕಗಳ ವ್ಯಾಪಾರಿಯ ಜೊತೆ ಮನೆ ಮಾಡುತ್ತಾನೆ. ಅವನ ಕೆಲಸದ ಜಾಣತನ ಎಷ್ಟಿತ್ತೋ ಅಷ್ಟೇ ಇರುತ್ತದೆ. ಕಡಿಮೆಯಾಗುವುದು ಓದುಗನ ಕುತೂಹಲದಲ್ಲಿದ್ದ ಕೊಳಕು ಮಾತ್ರ.

ಇನ್ನು ನಮ್ಮ ಪಕ್ಕದ ಮನೆಗೆ ಬರೋಣ. 2013ರ ಮೇ ತಿಂಗಳಲ್ಲಿ ಮಲಯಾಳದ ‘ಮುಂಬೈ ಪೊಲೀಸ್’ ತೆರೆಗೆ ಬಂತು. ಬಾಬಿ–ಸಂಜಯ್ ಕಥೆ, ರೋಶನ್ ಆಂಡ್ರ್ಯೂಸ್ ನಿರ್ದೇಶನ, ಎಸಿಪಿ ಆಂಟನಿ ಮೋಸಸ್ ಪಾತ್ರದಲ್ಲಿ ಪೃಥ್ವಿರಾಜ್. ಹಳೆಯ ಸಿನಿಮಾ, ಗುಟ್ಟು ಬಿಟ್ಟುಕೊಟ್ಟರೆ ಅಡ್ಡಿಯಿಲ್ಲ. ಅಪಘಾತದಲ್ಲಿ ನೆನಪು ಕಳೆದುಕೊಂಡ ಅಧಿಕಾರಿ ಗೆಳೆಯನ ಕೊಲೆಯನ್ನು ಮತ್ತೆ ಮೊದಲಿನಿಂದ ತನಿಖೆ ಮಾಡುತ್ತಾನೆ. ಕೊನೆಗೆ ಕೊಲೆಗಾರ ತಾನೇ ಎಂದು ಅವನಿಗೆ ತಿಳಿಯುತ್ತದೆ. ತಾನು ಗೇ ಎಂಬುದು ಗೆಳೆಯನ ಕಣ್ಣಿಗೆ ಬಿದ್ದದ್ದೇ ಕೊಲೆಗೆ ಕಾರಣ. ಜನಪ್ರಿಯ ನಾಯಕನೊಬ್ಬ ಆ ಕಾಲದಲ್ಲಿ ಇಂಥ ಪಾತ್ರ ಒಪ್ಪಿದ್ದು ಎದೆಗಾರಿಕೆಯೇ. ಚಿತ್ರಕಥೆಯ ಹೆಣಿಗೆಯೂ ಬಿಗಿಯಾದದ್ದು. ಆದರೆ ಅದು ಪ್ರೇಕ್ಷಕನ ಮುಂದಿಟ್ಟ ಲೆಕ್ಕವೇನು? ಸಲಿಂಗ ಪ್ರೇಮ ಒಂದು ಸುಳಿವು. ಅದು ಸಿಕ್ಕರೆ ಅಪರಾಧಿ ಸಿಕ್ಕ.

ಇದೇ ಕಥೆ 2023ರಲ್ಲಿ ತೆಲುಗಿನಲ್ಲಿ ‘ಹಂಟ್’ ಆಯಿತು. 2025ರ ಜನವರಿಯಲ್ಲಿ ರೋಶನ್ ಆಂಡ್ರ್ಯೂಸ್ ಅವರೇ ಶಾಹಿದ್ ಕಪೂರ್ ನಾಯಕತ್ವದಲ್ಲಿ ಹಿಂದಿಯ ‘ದೇವಾ’ ಮಾಡಿದಾಗ ಆ ಎಳೆಯನ್ನೇ ಕಿತ್ತುಹಾಕಿ ಬೇರೆ ಕಾರಣ ಜೋಡಿಸಲಾಗಿತ್ತು. ಸಲಿಂಗ ಸಂಬಂಧ ಅಪರಾಧವಲ್ಲವೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆರು ವರ್ಷವಾದ ಮೇಲೆ ಹೀಗಾದದ್ದು ವಿಚಿತ್ರ. ಅದೇ ತಿಂಗಳು ಹಿಂದಿ ವೆಬ್ ಸರಣಿ ‘ಪಾತಾಳ್ ಲೋಕ್’ನ ಎರಡನೇ ಭಾಗದಲ್ಲಿ ಐಪಿಎಸ್ ಅಧಿಕಾರಿ ಇಮ್ರಾನ್ ಅನ್ಸಾರಿ ಗೇ ಎಂಬುದು ಗೊತ್ತಾಗುತ್ತದೆ. ಸರಣಿಯ ನಾಯಕ ಹಾಥಿರಾಂ ಚೌಧರಿ ಒಂದು ಕ್ಷಣ ತಡಬಡಾಯಿಸಿ ಗೆಳೆಯನನ್ನು ಗೆಳೆಯನಾಗಿಯೇ ಒಪ್ಪಿಕೊಳ್ಳುತ್ತಾನೆ. ಎಷ್ಟು ಚೆನ್ನಾಗಿತ್ತು ಆ ಪಾತ್ರ! ಆದರೆ ಸರಣಿ ಮುಗಿಯುವ ಮೊದಲೇ ಅನ್ಸಾರಿಯ ಕೊಲೆಯಾಗುತ್ತದೆ. ನಮ್ಮ ಪರದೆಯ ಗೇ ಪೊಲೀಸನಿಗೆ ಎರಡೇ ಗತಿ: ಒಂದೋ ಕೊಲ್ಲಬೇಕು, ಇಲ್ಲವೇ ಸಾಯಬೇಕು. ‘ಬಧಾಯಿ ದೋ’ದಲ್ಲಿ (2022) ರಾಜ್‌ಕುಮಾರ್ ರಾವ್ ಮಾಡಿದ ಡೆಹ್ರಾಡೂನಿನ ಸಬ್ ಇನ್‌ಸ್ಪೆಕ್ಟರ್ ಬದುಕಿ ಉಳಿದ, ಸರಿ. ಆದರೆ ಅವನ ಪಾಲಿಗೆ ಬಂದದ್ದು ಮದುವೆಯ ಪೇಚು, ತನಿಖೆಯಲ್ಲ.

ಇದು ಬರೀ ಕಥೆಗಾರರ ಕಲ್ಪನೆಯ ಬಡತನವಲ್ಲ. ಬ್ಲ್ಯಾಕ್‌ಮೇಲ್ ಇಲ್ಲದೆ ಪತ್ತೇದಾರಿ ಸಾಹಿತ್ಯವೇ ಇಲ್ಲ. ಬ್ಲ್ಯಾಕ್‌ಮೇಲಿಗೆ ಕಾನೂನಿಗಿಂತ ಒಳ್ಳೆಯ ಬಂಡವಾಳವೂ ಇಲ್ಲ. ಬ್ರಿಟನ್ 1885ರಲ್ಲಿ ಗಂಡಸರ ನಡುವಣ ಸಂಬಂಧವನ್ನು ದಂಡಿಸಲು ತಂದ ತಿದ್ದುಪಡಿಗೆ ಅಲ್ಲಿಯ ಜನರೇ ‘ಬ್ಲ್ಯಾಕ್‌ಮೇಲ್ ಮಾಡುವವರ ಸನ್ನದು’ ಎಂದು ಅಡ್ಡಹೆಸರಿಟ್ಟರು. 1961ರ ‘ವಿಕ್ಟಿಮ್’ ಚಿತ್ರ ಅದನ್ನೇ ರಹಸ್ಯಕಥೆಯಾಗಿ ಹೇಳಿತು. ಆರು ವರ್ಷಗಳ ಬಳಿಕ ಇಂಗ್ಲೆಂಡಿನ ಕಾನೂನು ಸಡಿಲವಾಯಿತು. ನಮಗೆ ಅದೇ ಬ್ರಿಟಿಷರು ಬಿಟ್ಟುಹೋದದ್ದು 1860ರ ದಂಡಸಂಹಿತೆಯ 377ನೇ ಕಲಂ. ಅದರಡಿ ನ್ಯಾಯಾಲಯದವರೆಗೆ ಹೋದ ಪ್ರಕರಣಗಳಿಗಿಂತ ಠಾಣೆಯ ಹೊರಗೇ ‘ಮುಗಿದವು’ ಹೆಚ್ಚು. 2001ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ ಪ್ರಕಟಿಸಿದ ಸತ್ಯಶೋಧನಾ ವರದಿಯಲ್ಲಿ ಬೆಂಗಳೂರಿನ ಪಾರ್ಕುಗಳಲ್ಲಿ ಪೊಲೀಸರು ಹೆದರಿಸಿ ಹಣ ಕಿತ್ತ, ಹೊಡೆದ, ಮನೆಗೆ ತಿಳಿಸುವುದಾಗಿ ಬೆದರಿಸಿದ ದೂರುಗಳಿವೆ. ಅಂದರೆ ಈ ಕಥೆಯಲ್ಲಿ ಬಹುಕಾಲ ಬ್ಲ್ಯಾಕ್‌ಮೇಲ್ ಮಾಡಿದವನೂ ಖಾಕಿಯೇ, ಅದನ್ನು ತಡೆಯಬೇಕಾದವನೂ ಖಾಕಿಯೇ. ಇಂಥ ಇಲಾಖೆಯೊಳಗೆ ಒಬ್ಬ ಗೇ ಅಧಿಕಾರಿ ದಿನಾ ಪರೇಡಿಗೆ ನಿಂತು ಸೆಲ್ಯೂಟ್ ಹೊಡೆಯುತ್ತಾನೆ ಎಂದರೆ ಕಾದಂಬರಿಗೆ ಇನ್ನೇನು ಬೇಕು?

2009ರಲ್ಲಿ ದೆಹಲಿ ಹೈಕೋರ್ಟ್ ಕಲಂ 377ರ ಹಲ್ಲು ಕಿತ್ತಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಜೋಡಿಸಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯ, ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲ ಎಂದಿತು. ಹಾಗೆಂದು ಬ್ಲ್ಯಾಕ್‌ಮೇಲ್ ನಿಂತಿಲ್ಲ. ಪಾರ್ಕಿನ ಬೆಂಚಿನಿಂದ ಮೊಬೈಲಿನ ಡೇಟಿಂಗ್ ಆ್ಯಪಿಗೆ ಜಾಗ ಬದಲಿಸಿದೆ. ಕರೆಸಿಕೊಂಡು ವಿಡಿಯೊ ಮಾಡಿ ಹಣ ಕೀಳುವ ಗುಂಪುಗಳ ಸುದ್ದಿ ದೇಶದ ಬೇರೆಬೇರೆ ಊರುಗಳಿಂದ ಬರುತ್ತಲೇ ಇದೆ. ಹಣ ಕಳೆದುಕೊಂಡವನು ಠಾಣೆಯ ಮೆಟ್ಟಿಲು ಹತ್ತಲು ಹೆದರುತ್ತಾನೆ. ದೂರಿನಲ್ಲಿ ‘ಯಾಕೆ ಅಲ್ಲಿಗೆ ಹೋಗಿದ್ದೆ?’ ಎಂಬ ಸಾಲಿಗೆ ಏನು ಬರೆಸುವುದು? ಆ ಮೇಜಿನ ಆಚೆ ಕೂತವನೇ ಗೇ ಆಗಿದ್ದರೆ, ಅದು ಊರಿಗೂ ಗೊತ್ತಿದ್ದರೆ, ದೂರು ಬರುವ ದಾರಿಯೇ ಬೇರೆ.

ಕನ್ನಡಕ್ಕೆ ಇದನ್ನು ಬರೆಯಲು ನೆಲ ಸಿದ್ಧವಿಲ್ಲ ಎನ್ನುವಂತಿಲ್ಲ. ‘ಮುಂಬೈ ಪೊಲೀಸ್’ ಬಂದ 2013ರಲ್ಲೇ ವಸುಧೇಂದ್ರರ ‘ಮೋಹನಸ್ವಾಮಿ’ ಬಂತು. ಸಂಡೂರಿನಲ್ಲಿ ಹುಟ್ಟಿ ಬೆಳೆದು, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದ ಈ ಲೇಖಕರು ಆ ಪುಸ್ತಕದೊಂದಿಗೆ ತಮ್ಮ ಬದುಕನ್ನೂ ಬಚ್ಚಿಡದೆ ಓದುಗರ ಮುಂದಿಟ್ಟರು. ‘ಇದೆಲ್ಲ ದೊಡ್ಡ ಪಟ್ಟಣದ ಶೋಕಿ’ ಎಂಬ ಮಾತಿಗೆ ಮೋಹನಸ್ವಾಮಿಯೇ ಉತ್ತರ. ಆ ಹುಡುಗನ ಬಾಲ್ಯ ಬಳ್ಳಾರಿ ಸೀಮೆಯ ಗಲ್ಲಿಯದು, ಅವಮಾನಗಳೂ ಅಲ್ಲಿಯವೇ. ದಾವಣಗೆರೆಗೂ ಈ ಬಗೆಯ ಒಂದು ನೆನಪಿದೆ. ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ, ಪದ್ಮಶ್ರೀ ಮಂಜಮ್ಮ ಜೋಗತಿ ಮನೆಯಿಂದ ಹೊರಬಿದ್ದು ಅಲೆಯುತ್ತಿದ್ದ ಕಾಲದಲ್ಲಿ ಜೋಗತಿ ನೃತ್ಯವನ್ನು ಕಂಡು ಅದರ ಬೆನ್ನುಬಿದ್ದದ್ದು ದಾವಣಗೆರೆ ಬಸ್ ನಿಲ್ದಾಣದ ಬಳಿ. ಹಾಡುವ ತಂದೆ, ತಲೆಯ ಮೇಲೆ ಕೊಡವಿಟ್ಟು ಕುಣಿಯುವ ಮಗ. ಮುಂದೆ ಮಂಜಮ್ಮನವರೇ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು.

ಆದರೆ ಜೋಗಪ್ಪನ ಬದುಕು ಬೇರೆ, ನಮ್ಮ ಇನ್‌ಸ್ಪೆಕ್ಟರನದು ಬೇರೆ. ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡವರಿಗೆ ಈ ಸೀಮೆಯ ಊರುಗಳಲ್ಲಿ ಅಂಜಿಕೆಯಿಂದಲೋ ಭಕ್ತಿಯಿಂದಲೋ ಒಂದು ಮೂಲೆಯಲ್ಲಾದರೂ ಜಾಗವಿದೆ. ಜಾತ್ರೆಯಲ್ಲಿ ಕೈಮುಗಿದವರೇ ಮಾರನೆಯ ದಿನ ಬಾಡಿಗೆ ಮನೆ ಕೊಡಲಾರರು, ಆ ಮಾತು ಬೇರೆ. ಮೀಸೆ ಬಿಟ್ಟ, ಬುಲೆಟ್ ಓಡಿಸುವ, ಕಬಡ್ಡಿ ಟೂರ್ನಮೆಂಟ್ ಉದ್ಘಾಟಿಸುವ ಗಂಡಸು ಇನ್ನೊಬ್ಬ ಗಂಡಸಿನ ಜೊತೆ ಬಾಳುತ್ತಾನೆ ಎಂದರೆ ಊರಿಗೆ ಅವನನ್ನು ಎಲ್ಲಿ ಕೂರಿಸಬೇಕೆಂದು ತಿಳಿಯುವುದಿಲ್ಲ. ಸರ್ಕಾರದ ಲೆಕ್ಕವೂ ಹೀಗೆಯೇ. 2021ರಲ್ಲಿ ಕರ್ನಾಟಕ ಲಿಂಗತ್ವ ಅಲ್ಪಸಂಖ್ಯಾತರಿಗೆ ನೇಮಕಾತಿಯಲ್ಲಿ ಶೇ 1 ಮೀಸಲಾತಿ ತಂದಿತು. ತಮಿಳುನಾಡಿನಲ್ಲಿ ಅದೇ ಸಮುದಾಯದ ಪೃಥಿಕಾ ಯಾಶಿನಿ ನ್ಯಾಯಾಲಯದಲ್ಲಿ ಹೋರಾಡಿ 2017ರಲ್ಲಿ ಸಬ್ ಇನ್‌ಸ್ಪೆಕ್ಟರ್ ಆದರು. ಗೇ ಪೇದೆಗೆ ಮೀಸಲಾತಿ ಬೇಡ, ಅವನು ಹೇಗೂ ಇಲಾಖೆಯೊಳಗೇ ಇದ್ದಾನೆ. ಅವನಿಗೆ ಬೇಕಾದದ್ದು ಬಾಯಿಬಿಟ್ಟು ಹೇಳಿದ ಮೇಲೂ ಮಾರನೆಯ ದಿನ ಅದೇ ಬೀಟ್, ಅದೇ ಜೀಪು.

ಕಾದಂಬರಿಕಾರರಿಗೆ ಪೊಲೀಸ್ ಇಲಾಖೆ ಒಂದು ಅನುಕೂಲ ಮಾಡಿಕೊಟ್ಟಿದೆ, ಅದು ವರ್ಗಾವಣೆ. ಒಬ್ಬನೇ ಅಧಿಕಾರಿ, ನಾಲ್ಕು ತಾಲ್ಲೂಕು, ನಾಲ್ಕು ಪುಸ್ತಕ. ಚನ್ನಗಿರಿಯಲ್ಲಿ ಅಡಿಕೆ ಹಣ ಉಂಟು. ಒಣಗಲು ಹಾಕಿದ ಅಡಿಕೆ ರಾತ್ರಿ ಕಳುವಾಗದಂತೆ ಕಾಯುವ ಕಣ ಉಂಟು, ಆಸ್ತಿ ಪಾಲಿನ ವ್ಯಾಜ್ಯ ಉಂಟು, ಸೂಳೆಕೆರೆಯಷ್ಟು ವಿಶಾಲವಾದ ನೀರಿನಲ್ಲಿ ತೇಲಿಬಂದ ಹೆಣವೊಂದು ಸಾಕು ಮೊದಲ ಅಧ್ಯಾಯಕ್ಕೆ. 2024ರ ಮೇ ತಿಂಗಳಲ್ಲಿ, ಪೊಲೀಸರು ಕರೆತಂದಿದ್ದ ವ್ಯಕ್ತಿಯೊಬ್ಬರು ಸತ್ತ ಬಳಿಕ ಉದ್ರಿಕ್ತ ಜನ ಚನ್ನಗಿರಿ ಠಾಣೆಗೇ ನುಗ್ಗಿದ್ದರು. ಆ ಠಾಣೆಗೆ ಹೊಸದಾಗಿ ಬರುವ ಅಧಿಕಾರಿಯನ್ನು ಊರು ನಂಬುವುದಕ್ಕೆ ಅವನ ಖಾಸಗಿ ಬದುಕಿಗಿಂತ ದೊಡ್ಡ ತಡೆಗಳಿವೆ ಎಂಬುದನ್ನು ಬರಹಗಾರ ಮರೆಯಬಾರದು. ಹೊನ್ನಾಳಿಯದು ತುಂಗಭದ್ರೆಯ ಮರಳಿನ ಕಥೆ: ರಾತ್ರಿ ಓಡುವ ಟ್ರ್ಯಾಕ್ಟರ್, ಬೆಳಿಗ್ಗೆ ಬರುವ ಫೋನು. ಅಲ್ಲಿ ಬೆದರಿಕೆಯೊಂದು ಬರಲೇಬೇಕು. ‘ಸಾಹೇಬ್ರೇ, ನಿಮ್ಮ ವಿಷಯ ನಮಗೂ ಗೊತ್ತೈತೆ’ ಎಂದು ಫೋನಿನ ಆಚೆಯವನು ಕೊಂಕು ನುಡಿಯುತ್ತಾನೆ. ನಮ್ಮವನು, ‘ನನ್ನ ಎಸ್ಪಿಗೂ ಗೊತ್ತೈತೆ, ನಮ್ಮವ್ವಗೂ ಗೊತ್ತೈತೆ. ನಿನ್ನ ಟ್ರ್ಯಾಕ್ಟರ್ ನಂಬರ್ ಹೇಳು’ ಎನ್ನುತ್ತಾನೆ. ಮುಚ್ಚಿಡದ ಪತ್ತೇದಾರನಿಂದ ಕಥೆಗಾಗುವ ಲಾಭ ಇಲ್ಲಿದೆ. ಅವನ ಗುಟ್ಟು ಮಾರಾಟಕ್ಕಿಲ್ಲದ ಕಾರಣ ಕಥೆ ಮರಳಿನ ಹಿಂದೆ ಯಾರಿದ್ದಾರೆ ಎಂಬಲ್ಲಿಗೆ ನೇರ ಹೋಗಬಹುದು. ಅಷ್ಟೇ ಅಲ್ಲ, ಹದಿನೈದು–ಇಪ್ಪತ್ತು ವರ್ಷ ತನ್ನ ನಡಿಗೆ, ನೋಟ, ಮಾತಿನ ಮೇಲೆ ತಾನೇ ಕಾವಲು ಕೂತಿದ್ದವನಿಗೆ ಇನ್ನೊಬ್ಬ ಏನನ್ನೋ ಬಚ್ಚಿಡುತ್ತಿರುವುದು ಬೇರೆಯವರಿಗಿಂತ ಬೇಗ ತಿಳಿದೀತು.

ಮೂರನೆಯ ಪುಸ್ತಕಕ್ಕೆ ನ್ಯಾಮತಿಯ ಬ್ಯಾಂಕು ಇದ್ದೇ ಇದೆ. ನಾಲ್ಕನೆಯದಕ್ಕೆ ಜಗಳೂರು. ಮಳೆ ಕಡಿಮೆ, ಬೋರ್‌ವೆಲ್ ಆಳ, ದುಡಿಯಲು ದೂರದ ಊರಿಗೆ ಹೋದವರು ಹೆಚ್ಚು. ‘ಅಲ್ಲಿಗೆ ಹಾಕಿದರು’ ಎಂದರೆ ಶಿಕ್ಷೆ ಎಂದೇ ಸರ್ಕಾರಿ ನೌಕರರ ಅರ್ಥ. ಕೊಂಡುಕುರಿಗಾಗಿ 2011ರಲ್ಲಿ ಘೋಷಿಸಿದ ರಂಗಯ್ಯನದುರ್ಗ ವನ್ಯಧಾಮ ಇರುವುದು ಈ ತಾಲ್ಲೂಕಿನಲ್ಲೇ. ನಾಲ್ಕು ಕೊಂಬಿನ ಆ ಪುಕ್ಕಲು ಪ್ರಾಣಿಯನ್ನು ಬೇಟೆಯಾಡಿದವನ ಜಾಡು ಹಿಡಿದು ಹೊರಟರೆ ಕೂಲಿಗೆಂದು ಹೋಗಿ ಬಾರದೇ ಉಳಿದವನೊಬ್ಬನ ಕಥೆ ಬಿಚ್ಚಿಕೊಳ್ಳಬಹುದು. ಇಲ್ಲಿಗೆ ಬರುವಷ್ಟರಲ್ಲಿ ಅಧಿಕಾರಿಗೆ ನಲವತ್ತು ದಾಟಿರುತ್ತದೆ. ಜೊತೆಗಾರ ದಾವಣಗೆರೆಯ ಕಾಲೇಜೊಂದರ ಮೇಷ್ಟ್ರು ಎಂದಿಟ್ಟುಕೊಳ್ಳಿ. ಶನಿವಾರ ಸಂಜೆಯ ಬಸ್ಸಿಗೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಾರೆ. ಕ್ವಾರ್ಟರ್ಸಿನ ಪಕ್ಕದ ಮನೆಯ ಹೆಡ್ ಕಾನ್‌ಸ್ಟೆಬಲ್‌ನ ಹೆಂಡತಿ ಮೊದಮೊದಲು ಬಾಗಿಲು ಹಾಕಿಕೊಳ್ಳುತ್ತಿದ್ದವರು, ಮಗನ ಎಸ್ಸೆಸ್ಸೆಲ್ಸಿ ಗಣಿತಕ್ಕೆ ಮೇಷ್ಟ್ರ ಸಹಾಯ ಬೇಕಾದ ಮೇಲೆ ‘ಅಣ್ಣಾರು ಈ ವಾರ ಬರ್ತಾರೇನ್ ಸಾರ್?’ ಎಂದು ತಾವಾಗಿ ವಿಚಾರಿಸುತ್ತಾರೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ವಿವಾಹದ ಹಕ್ಕನ್ನು ಒಪ್ಪಲಿಲ್ಲ. ಮರುವರ್ಷ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ, ಇಂಥ ಜೊತೆಗಾರರು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಸ್ಪಷ್ಟಪಡಿಸಿತು. ಹಾಗಾಗಿ ಇಬ್ಬರೂ ಒಂದು ಸೋಮವಾರ ರಜೆ ಹಾಕಿ ಬ್ಯಾಂಕಿಗೆ ಹೋಗುತ್ತಾರೆ. ಕೌಂಟರಿನ ಹುಡುಗಿ ಅರ್ಜಿ ತಿರುವಿ ನೋಡಿ, ‘ಸಂಬಂಧ’ ಎಂಬ ಕಾಲಂ ಖಾಲಿ ಇದೆ ಸಾರ್, ಏನಂತ ಬರೀಲಿ ಎಂದು ಕೇಳುತ್ತಾಳೆ. ಅಷ್ಟರಲ್ಲಿ ಇನ್‌ಸ್ಪೆಕ್ಟರನ ಫೋನು ಬಡಿದುಕೊಳ್ಳುತ್ತದೆ: ರಂಗಯ್ಯನದುರ್ಗದ ಕಡೆ ಒಂದು ಬೈಕು ಸಿಕ್ಕಿದೆ, ನಂಬರ್ ಪ್ಲೇಟ್ ಇಲ್ಲ.